ನಂಬರ್ 23: ಕ್ರ್ಯೂಜ್ ಜಿಲ್ಲೆಯಿಂದ ಹೋದವರು, ಅಲ್ಲಿಗೆ ಬಂದವರು

ಹೆಸರಿನಿಂದಲೇ ಶುರು ಮಾಡೋಣ. ಫ್ರೆಂಚಿನಲ್ಲಿ 'ಕ್ರ್ಯೂ' ಅಂದರೆ ತಗ್ಗು, ಪೊಳ್ಳು, ಟೊಳ್ಳು. ಅದರ ಸ್ತ್ರೀಲಿಂಗ 'ಕ್ರ್ಯೂಜ್'. ಆಳವಾದ ಕಣಿವೆ ಕೊರೆದುಕೊಂಡು ಹರಿಯುವ ಒಂದು ನದಿಯ ಹೆಸರು ಅದು. ಆ ನದಿಯ ಹೆಸರನ್ನೇ ಜಿಲ್ಲೆಗೂ ಇಟ್ಟರು. ಪಾಪ, ಯಾವ ಗಳಿಗೆಯಲ್ಲಿ ಇಟ್ಟರೋ. ಇವತ್ತು ಪ್ಯಾರಿಸ್‌ನವರಿಗೆ ಕ್ರ್ಯೂಜ್ ಅಂದರೆ ನಗು. 'ಏನೂ ಇಲ್ಲದ ಜಾಗ' ಅನ್ನೋದಕ್ಕೆ ಇನ್ನೊಂದು ಮಾತು ಅದು. ಟೊಳ್ಳು ಅಂತ ಹೆಸರು, ಟೊಳ್ಳು ಅಂತಲೇ ಖ್ಯಾತಿ.

ಫ್ರಾನ್ಸಿನ ನಟ್ಟನಡುವೆ, ಸ್ವಲ್ಪ ಕೆಳಗೆ ಇದೆ ಇದು. 5,565 ಚದರ ಕಿಲೋಮೀಟರ್. ನಮ್ಮ ಕೊಡಗಿಗಿಂತ ದೊಡ್ಡದು. ಜನ ಎಷ್ಟು? ಸುಮಾರು 1,15,000. ಬೆಂಗಳೂರಿನ ಒಂದೆರಡು ಬಡಾವಣೆ ಸೇರಿಸಿದರೆ ಅಷ್ಟು ಜನ ಸಿಗುತ್ತಾರೆ, ಅಲ್ವಾ? ಯುರೋಪಿನ ಭಾಗದ ಫ್ರಾನ್ಸಿನಲ್ಲಿ ಇದಕ್ಕಿಂತ ಕಡಿಮೆ ಜನ ಇರುವ ಜಿಲ್ಲೆ ಒಂದೇ ಒಂದು, ಲೊಜೇರ್. ಕ್ರ್ಯೂಜಿನಲ್ಲಿ ಜನರಿಗಿಂತ ದನಗಳೇ ಜಾಸ್ತಿ. ಇದು ತಮಾಷೆಯ ಮಾತಲ್ಲ, ಲೆಕ್ಕದ ಮಾತು. ಕೆಂಪು ಬಣ್ಣದ ಲಿಮೂಜಾಂ ತಳಿಯ ದನಗಳು, ಮಾಂಸಕ್ಕೆ ಸಾಕುವವು.

ಆದರೆ ನಾನು ಇವತ್ತು ಹೇಳಬೇಕೆಂದಿರುವುದು ದನದ ಕಥೆಯಲ್ಲ, ಜನದ ಕಥೆ. ಈ ಜಿಲ್ಲೆಯಿಂದ ಎದ್ದು ಹೋದವರ ಕಥೆ. ಆಮೇಲೆ, ಈ ಜಿಲ್ಲೆಗೆ ಕರೆತಂದು ಬಿಟ್ಟವರ ಕಥೆ. ಎರಡೂ ಒಂದೇ ದಾರದ ಎರಡು ತುದಿ ಅಂತ ನನಗೆ ಅನಿಸಿದೆ. ಕೇಳಿ ನೋಡಿ, ನಿಮಗೂ ಹಾಗೆ ಅನಿಸುತ್ತದೋ ಏನೋ.

ಮೊದಲು ಈ ಜಿಲ್ಲೆ ಹುಟ್ಟಿದ್ದು ಹೇಗೆ ಅನ್ನೋದನ್ನು ಹೇಳಿಬಿಡುತ್ತೇನೆ. ಕೊನೆಯಲ್ಲಿ ಇದು ಬೇಕಾಗುತ್ತದೆ.

1789ರ ಕ್ರಾಂತಿಗೆ ಮುಂಚೆ ಫ್ರಾನ್ಸ್ ಅನ್ನೋದು ಹಳೆಯ ಪ್ರಾಂತಗಳ ಕೌದಿ. ಒಂದೊಂದಕ್ಕೂ ಒಂದೊಂದು ಕಾನೂನು, ಒಂದೊಂದು ತೆರಿಗೆ, ಒಂದೊಂದು ಅಳತೆ. ಕ್ರಾಂತಿಕಾರರಿಗೆ ಅದು ಸರಿಬರಲಿಲ್ಲ. ಎಲ್ಲರೂ ಸಮಾನರಾದ ಮೇಲೆ ನೆಲವೂ ಸಮಾನವಾಗಿಯೇ ಇರಬೇಕು ಅಂದರು. ತೂರೆ ಎಂಬ ಸದಸ್ಯ ಒಂದು ಯೋಜನೆ ಮಂಡಿಸಿದ. ದೇಶವನ್ನು ಚದುರಂಗದ ಹಲಗೆಯ ಹಾಗೆ ಚೌಕ ಚೌಕವಾಗಿ ಕತ್ತರಿಸಿಬಿಡೋಣ ಅನ್ನೋ ಧಾಟಿಯ ಯೋಜನೆ ಅದು! ಪುಣ್ಯಕ್ಕೆ ಅದು ಹಾಗೇ ಜಾರಿಗೆ ಬರಲಿಲ್ಲ. ಬೆಟ್ಟ, ಹೊಳೆ, ಹಳೆಯ ಗಡಿಗಳನ್ನು ಒಂದಿಷ್ಟು ಗೌರವಿಸಿ 1790ರಲ್ಲಿ 83 ತುಂಡು ಮಾಡಿದರು. ಆ ತುಂಡುಗಳಿಗೆ 'ದೆಪಾರ್ತ್‌ಮಾಂ' ಅಂತ ಹೆಸರು. ನಾವು ಸುಮ್ನೆ ಜಿಲ್ಲೆ ಅನ್ನೋಣ. ಯಾವ ಮೂಲೆಯಿಂದ ಹೊರಟರೂ ಕುದುರೆ ಮೇಲೆ ಒಂದು ದಿನದಲ್ಲಿ ಜಿಲ್ಲಾ ಕೇಂದ್ರ ಮುಟ್ಟಬೇಕು ಅನ್ನೋ ಲೆಕ್ಕ ಇಟ್ಟುಕೊಂಡರು. ಹೆಸರು ಇಡುವಾಗ ಹಳೆಯ ಪ್ರಾಂತಗಳ ನೆನಪೇ ಬರಬಾರದು ಅಂತ ನದಿ, ಬೆಟ್ಟಗಳ ಹೆಸರು ಆರಿಸಿದರು. ಆಮೇಲೆ ಅಕ್ಷರಮಾಲೆಯ ಪ್ರಕಾರ ನಂಬರ್ ಬಂತು. ಕ್ರ್ಯೂಜಿನದು 23. ಮೊನ್ನೆ ಮೊನ್ನೆವರೆಗೂ ಕಾರಿನ ನಂಬರ್ ಪ್ಲೇಟಿನಲ್ಲಿ ಈ 23 ನೋಡಿಯೇ ಪ್ಯಾರಿಸ್‌ನವರು 'ಓ, ಹಳ್ಳಿಯಿಂದ ಬಂದ' ಅನ್ನುತ್ತಿದ್ದರು. 2009ರಿಂದ ಯಾರು ಬೇಕಾದರೂ ತಮಗೆ ಇಷ್ಟವಾದ ಜಿಲ್ಲೆಯ ನಂಬರ್ ಹಾಕಿಕೊಳ್ಳಬಹುದು.

ಈ ಜಿಲ್ಲೆಯ ಬಹುಪಾಲು ಹಿಂದೆ 'ಲ ಮಾರ್ಶ್' ಅನ್ನೋ ಪ್ರಾಂತದಲ್ಲಿತ್ತು. ಮಾರ್ಶ್ ಅಂದರೆ ಹಳೆಯ ಮಾತಿನಲ್ಲಿ ಗಡಿ, ಅಂಚು. ಇವತ್ತಿನ ಫ್ರೆಂಚಿನಲ್ಲಿ ಅದೇ ಪದಕ್ಕೆ ನಡಿಗೆ ಅಂತಲೂ ಅರ್ಥವಿದೆ. ಗಡಿಯ ನಾಡು, ನಡಿಗೆಯ ನಾಡು. ಕಾಕತಾಳೀಯ ಅಷ್ಟೇ, ಆದರೆ ಈ ಊರಿನ ಚರಿತ್ರೆಗೆ ಇದಕ್ಕಿಂತ ಒಳ್ಳೆಯ ಹೆಸರು ನಾನಂತೂ ಕೊಡಲಾರೆ.

ಜಿಲ್ಲಾ ಕೇಂದ್ರದ ಹೆಸರು ಗೆರೆ. ನಗಬೇಡಿ, ಅವರು ಹೇಳೋದು ಹಾಗೆಯೇ! ನಮ್ಮ ಗೆರೆ ಅಲ್ಲ ಅದು. ಫ್ರೆಂಚಿನಲ್ಲಿ ಆ ಪದಕ್ಕೆ ಉತ್ತು ಬಿತ್ತದೆ ಬೀಳು ಬಿಟ್ಟ ಹೊಲ ಅಂತ ಅರ್ಥ. ಟೊಳ್ಳು ಜಿಲ್ಲೆಗೆ ಬೀಳು ಹೊಲ ರಾಜಧಾನಿ. ಜನ ಸುಮಾರು 13,000.

ನೆಲ ಹೇಗಿದೆ? ಫ್ರಾನ್ಸಿನ ಮಧ್ಯದಲ್ಲಿ ಮಾಸಿಫ್ ಸಾಂತ್ರಾಲ್ ಅನ್ನೋ ದೊಡ್ಡ ಎತ್ತರದ ನೆಲ ಇದೆ. ಅದರ ವಾಯವ್ಯ ಅಂಚಿನಲ್ಲಿ ಕ್ರ್ಯೂಜ್ ಕೂತಿದೆ. ಉತ್ತರಕ್ಕೆ ಹೋದಂತೆ ತಗ್ಗು, ದಕ್ಷಿಣಕ್ಕೆ ಹೋದಂತೆ ಏರು. ಅತಿ ಎತ್ತರದ ಜಾಗ 932 ಮೀಟರ್. ಅಡಿಯಲ್ಲಿ ಕಣಶಿಲೆ, ನಾವು ಗ್ರಾನೈಟ್ ಅನ್ನುತ್ತೇವಲ್ಲ ಅದು. ಮೇಲೆ ತೆಳ್ಳಗಿನ ಹುಳಿ ಮಣ್ಣು. ಗೋಧಿ ಸರಿಯಾಗಿ ಬರುವುದಿಲ್ಲ. ಹಿಂದೆ ಬೆಳೆಯುತ್ತಿದ್ದದ್ದು ರೈ ಅನ್ನೋ ಒರಟು ಧಾನ್ಯ. ಅದು ಮುಗಿದರೆ ಚೆಸ್ಟ್‌ನಟ್ ಕಾಯಿ. ಬೇಯಿಸಿದ ಚೆಸ್ಟ್‌ನಟ್ಟೇ ಬಡವರ ರೊಟ್ಟಿ. 'ಚೆಸ್ಟ್‌ನಟ್ ತಿನ್ನುವವರು' ಅಂತ ಹೊರಗಿನವರು ಹೀಯಾಳಿಸುತ್ತಿದ್ದರು.

ದಕ್ಷಿಣದ ಎತ್ತರದ ಬಯಲಿಗೆ ಮಿಲ್‌ವಾಶ್ ಅಂತ ಹೆಸರು. ಇವತ್ತಿನ ಫ್ರೆಂಚಿನಲ್ಲಿ ಓದಿದರೆ 'ಸಾವಿರ ಹಸು'. ಆದರೆ ಹೆಸರು ಬಂದದ್ದು ಹಸುವಿನಿಂದಲ್ಲ ಅಂತ ಹಲವರು ಹೇಳುತ್ತಾರೆ. ಒಬ್ಬರು ಸಾವಿರ ಊಟೆ ಅಂತಾರೆ, ಇನ್ನೊಬ್ಬರು ಖಾಲಿ ಎತ್ತರ ಅಂತಾರೆ. ನನಗೆ ಊಟೆಯ ವಾದ ಇಷ್ಟ, ಯಾಕೆಂದರೆ ಅಲ್ಲಿ ಕಾಲಿಟ್ಟ ಕಡೆಯೆಲ್ಲ ನೀರು ಜಿನುಗುತ್ತದೆ. ಕ್ರ್ಯೂಜ್ ನದಿ ಹುಟ್ಟುವುದೂ ಅಲ್ಲೇ.

ಇವತ್ತು ಆ ಬಯಲಿಗೆ ಹೋದರೆ ದಟ್ಟವಾದ ಸೂಚಿಪರ್ಣಿ ಕಾಡು. ಅದನ್ನು ನೋಡಿ 'ಆಹಾ, ಎಂಥ ಪುರಾತನ ಕಾಡು' ಅಂತ ಫೋಟೋ ತೆಗೆದುಕೊಳ್ಳುವವರು ಇದ್ದಾರೆ. ನೂರೈವತ್ತು ವರ್ಷದ ಹಿಂದೆ ಅಲ್ಲಿ ಮರಗಳೇ ಇರಲಿಲ್ಲ ಅನ್ನಬಹುದು. ಕುರುಚಲು ಗಿಡಗಳ ಬಯಲು, ಅದರ ಮೇಲೆ ಕುರಿ ಮಂದೆ. ಜನ ಊರು ಬಿಟ್ಟರು. ಕುರಿ ಕಾಯುವವರು ಇಲ್ಲವಾದರು. ಆಮೇಲೆ ಹೊಲದ ಒಡೆಯರು, ಅವರ ಮೊಮ್ಮಕ್ಕಳು, ಎಲ್ಲೋ ದೂರದ ನಗರದಲ್ಲಿ ಕೂತು ಡಗ್ಲಸ್ ಮರ ನೆಡಿಸಿದರು. ಹಾಗಾಗಿ ಆ ಕಾಡು ಪ್ರಕೃತಿಯಲ್ಲ, ಗೈರುಹಾಜರಿ. ಒಂದೊಂದು ಸಾಲು ಮರವೂ 'ಇಲ್ಲಿದ್ದವರು ಹೋದರು' ಅಂತ ಹಾಕಿದ ರುಜು.

ಇನ್ನೊಂದು ಸಣ್ಣ ವಿಷಯ, ಭಾಷೆಯದು. ದಕ್ಷಿಣ ಫ್ರಾನ್ಸಿನ ಹಳೆಯ ಭಾಷೆ ಆಕ್ಸಿಟನ್. ಉತ್ತರದ್ದು ಫ್ರೆಂಚಿನ ಬಳಗ. ಎರಡೂ ಕೂಡುವ ಗೆರೆ ಇದೇ ಜಿಲ್ಲೆಯ ಮೇಲೆ ಹಾದು ಹೋಗುತ್ತದೆ. ಗೆರೆ ಅನ್ನುವುದಕ್ಕಿಂತ ಪಟ್ಟಿ ಅನ್ನಬೇಕು. ನಕ್ಷೆಯಲ್ಲಿ ಅದು ಅರ್ಧಚಂದ್ರದ ಹಾಗೆ ಕಾಣುತ್ತದೆ, ಅದಕ್ಕೇ ಭಾಷಾ ಪಂಡಿತರು ಅದನ್ನು ಅರ್ಧಚಂದ್ರ ಅಂತಲೇ ಕರೆಯುತ್ತಾರೆ. ಜಿಲ್ಲೆಯ ಉತ್ತರ ಭಾಗದ ಅಜ್ಜ ಅಜ್ಜಿಯರ ಮಾತು ಅತ್ತಲೂ ಅಲ್ಲ, ಇತ್ತಲೂ ಅಲ್ಲ. ಗಡಿನಾಡಿನ ಮಾತು ಹೇಗಿರುತ್ತದೆ ಅಂತ ನಮಗೆ ಬೇರೆ ಹೇಳಬೇಕಾಗಿಲ್ಲ.

ಸರಿ, ಈಗ ಗುಳೆಗೆ ಬರೋಣ.

ಗುಳೆ ಅನ್ನೋ ನಮ್ಮ ಪದ ಫ್ರೆಂಚಿಗೆ ಹೇಗೆ ಅನುವಾದ ಆಗುತ್ತದೋ ನನಗೆ ಗೊತ್ತಿಲ್ಲ, ಆದರೆ ಆ ಕೆಲಸ ಮಾತ್ರ ಕ್ರ್ಯೂಜಿನವರಿಗೆ ಶತಮಾನಗಳಿಂದ ಗೊತ್ತು. ನೆಲ ಹೊಟ್ಟೆ ತುಂಬಿಸುವುದಿಲ್ಲ. ಕಲ್ಲಿನ ಕೆಲಸ ಕೈಗೆ ಹತ್ತಿದೆ. ಹಾಗಾಗಿ ಪ್ರತಿ ವರ್ಷ ಮಾರ್ಚ್ ಬಂತೆಂದರೆ ಗಂಡಸರೆಲ್ಲ ಪ್ಯಾರಿಸ್‌ಗೆ, ಲಿಯೋಂಗೆ ಗಾರೆ ಕೆಲಸಕ್ಕೆ ಹೊರಡುತ್ತಿದ್ದರು. ಚಳಿಗಾಲ ಹಿಡಿದು ಗಾರೆ ಹೆಪ್ಪುಗಟ್ಟಲು ಶುರುವಾದಾಗ ವಾಪಸ್. 1620ರ ದಶಕದಲ್ಲಿ ಲ ರೋಶೆಲ್ ಎಂಬ ಬಂದರು ಊರಿನ ಮುತ್ತಿಗೆಗೆ ಸಮುದ್ರಕ್ಕೆ ಅಡ್ಡಗಟ್ಟೆ ಕಟ್ಟಿದವರು ಇವರೇ ಅಂತ ಆ ನಾಡಿನವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. 19ನೇ ಶತಮಾನದ ನಡುವಿಗೆ ಬರುವಷ್ಟರಲ್ಲಿ ವರ್ಷಕ್ಕೆ 30 ಸಾವಿರಕ್ಕೂ ಹೆಚ್ಚು ಗಂಡಸರು ಹೀಗೆ ಹೋಗಿ ಬರುತ್ತಿದ್ದರು. ಆಗ ಜಿಲ್ಲೆಯ ಒಟ್ಟು ಜನಸಂಖ್ಯೆ 2,87,000. ಹೆಂಗಸರು, ಮಕ್ಕಳು, ಮುದುಕರನ್ನು ಕಳೆಯಿರಿ. ದುಡಿಯುವ ಗಂಡಸು ಊರಲ್ಲಿ ಯಾರು ಉಳಿದರು?

ಒಬ್ಬ ಹುಡುಗನ ಜೊತೆ ಹೋಗೋಣ. ಹೆಸರು ಮಾರ್ತಾಂ ನಾದೋ. ಹುಟ್ಟಿದ್ದು 1815ರಲ್ಲಿ, ಸೂಬ್ರಬೋಸ್ ಗ್ರಾಮದ ಮಾರ್ತಿನೆಶ್ ಅನ್ನೋ ನಾಲ್ಕು ಮನೆ ಕೇರಿಯಲ್ಲಿ. ಅಪ್ಪ ಗಾರೆಯವ. ಮಗ ಓದಬೇಕು ಅಂತ ಅಪ್ಪನ ಹಟ. 'ಓದಿ ಏನು ಮಾಡ್ತಾನೆ, ಹೊಲಕ್ಕೆ ಬರಲಿ' ಅಂತ ತಾತನ ಹಟ, ತಾಯಿಯೂ ತಾತನ ಕಡೆಗೆ. ಕಥೆ ಗೊತ್ತಿದ್ದ ಹಾಗಿದೆ, ಅಲ್ವಾ? ಈ ಸಲ ಅಪ್ಪ ಗೆದ್ದ. ಹುಡುಗ ಅಕ್ಷರ ಕಲಿತ.

1830ರ ಮಾರ್ಚ್. ನಾದೋಗೆ 14 ವರ್ಷ. ಅಪ್ಪನ ಜೊತೆ ಮೊದಲ ಸಲ ಪ್ಯಾರಿಸ್‌ಗೆ ಹೊರಟ. ಮನೆಯ ಕುರಿಯ ಉಣ್ಣೆಯಲ್ಲೇ ಮಾಡಿದ ಒರಟು ಬಟ್ಟೆ, ಹೊಸ ಬೂಟು. ನಡಿಗೆ. ದಿನಕ್ಕೆ ಸುಮಾರು 60 ಕಿಲೋಮೀಟರ್! ಓರ್ಲೆಯಾಂ ಊರಿನವರೆಗೆ ಹಾಗೆ ನಡೆದು, ಅಲ್ಲಿಂದ ಮುಂದಕ್ಕೆ ಬಾಡಿಗೆ ಗಾಡಿ. ಹೊಸ ಬೂಟು ಹಾಕಿಕೊಂಡು ಅಷ್ಟು ದೂರ ನಡೆದವರ ಕಾಲು ಏನಾಗಿರಬಹುದು ಅಂತ ನೀವೇ ಊಹಿಸಿ. ದಾರಿಯಲ್ಲಿ ಊರು ಊರಿನವರೂ ಇವರ ವೇಷ ನೋಡಿ ಕೂಗಿ ಗೇಲಿ ಮಾಡುತ್ತಿದ್ದರು. ಇವರೂ ಸುಮ್ಮನಿರುವವರಲ್ಲ. ಹೊಡೆದಾಟ ಆಗುತ್ತಿತ್ತು.

ಪ್ಯಾರಿಸ್‌ನಲ್ಲಿ ಉಳಿಯಲು ನಗರಸಭೆ ಕಟ್ಟಡದ ಹಿಂದಿನ ಇಕ್ಕಟ್ಟು ಬೀದಿಗಳಲ್ಲಿ ಬಾಡಿಗೆ ಕೋಣೆ. ಒಂದೇ ಕೋಣೆಯಲ್ಲಿ 6 ಮಂಚ, 12 ಜನ. ಅಂದರೆ ಮಂಚಕ್ಕೆ ಇಬ್ಬರು. ಎಲ್ಲರೂ ಒಂದೇ ಕಡೆಯವರು, ಊರಿನ ಮಾತೇ ಆಡುವವರು. ಬೆಳಗ್ಗೆ ಎದ್ದು ಕೆಲಸ ಹುಡುಕಲು ಹೋಗಿ ನಿಲ್ಲುವ ಜಾಗ ಒಂದು ಚೌಕ, ಹೆಸರು 'ಪ್ಲಾಸ್ ದ ಗ್ರೇವ್'. ಗ್ರೇವ್ ಅಂದರೆ ಹೊಳೆಯ ದಂಡೆಯ ಮರಳು, ಗರಸು. ಸೇನ್ ನದಿಯ ದಂಡೆ ಅದು. ಕಂಟ್ರಾಕ್ಟರುಗಳು ಬಂದು 'ನೀನು ಬಾ, ನೀನು ಬಾ' ಅಂತ ಆರಿಸಿಕೊಂಡು ಹೋಗುತ್ತಿದ್ದರು. ಕೆಲಸವಿಲ್ಲದೆ ಅಲ್ಲಿ ನಿಲ್ಲುವುದಕ್ಕೆ 'ಗ್ರೇವ್ ಮಾಡುವುದು' ಅನ್ನೋ ಮಾತು ಬಂತು. ಇವತ್ತು ಫ್ರೆಂಚಿನಲ್ಲಿ ಮುಷ್ಕರಕ್ಕೆ ಇರುವ ಪದ ಅದೇ, ಗ್ರೇವ್. ಫ್ರಾನ್ಸಿನಲ್ಲಿ ರೈಲು ನಿಂತಾಗಲೆಲ್ಲ, ವಿಮಾನ ನಿಂತಾಗಲೆಲ್ಲ ಟೀವಿಯವರು ಹೇಳುವ ಆ ಪದದ ಹಿಂದೆ ಹೀಗೆ ಬೆಳಗಿನ ಚಳಿಯಲ್ಲಿ ಕೆಲಸಕ್ಕೆ ಕಾದು ನಿಂತವರಿದ್ದಾರೆ.

ಪದದ ಮಾತು ಬಂತಲ್ಲ, ಇನ್ನೊಂದು ಹೇಳಿಬಿಡುತ್ತೇನೆ. 'ಲಿಮೊಸಿನ್' ಕಾರು ಗೊತ್ತಲ್ಲ, ಮದುವೆ ದಿಬ್ಬಣಕ್ಕೆ ಬಾಡಿಗೆಗೆ ತರುವ ಉದ್ದನೆಯ ಕಾರು? ಅದರ ಹೆಸರು ಬಂದದ್ದು ಕ್ರ್ಯೂಜ್ ಸೇರಿದ ಇದೇ ಲಿಮೂಜಾಂ ಸೀಮೆಯ ಕುರಿಗಾಹಿಗಳು ಹೊದೆಯುತ್ತಿದ್ದ ಒರಟು ನಿಲುವಂಗಿಯಿಂದ ಅಂತಾರೆ. ಕುರಿ ಕಾಯುವವನ ಕಂಬಳಿ ಹೋಗಿ ಶ್ರೀಮಂತನ ಕಾರಾಯಿತು.

ನಾದೋ ಸಾರವೆಯಿಂದ ಬಿದ್ದ, ಕೈ ಮುರಿದುಕೊಂಡ, ಗುಣವಾಗಿ ಮತ್ತೆ ಹತ್ತಿದ. ಸಂಜೆ ತನ್ನ ಕೋಣೆಯಲ್ಲೇ ಜೊತೆಯವರಿಗೆ ಓದು ಬರಹ ಕಲಿಸತೊಡಗಿದ. 1839ರಲ್ಲಿ ಊರಿಗೆ ಬಂದು ಮದುವೆಯಾದ, ಕೆಲವೇ ವಾರಗಳಲ್ಲಿ ಹೆಂಡತಿಯನ್ನು ಬಿಟ್ಟು ಮತ್ತೆ ಪ್ಯಾರಿಸ್‌ಗೆ ನಡೆದ. ಅಲ್ಲಿ ಎಲ್ಲರ ಸಂಸಾರವೂ ಹೀಗೇ. ಮದುವೆಗಳೆಲ್ಲ ಚಳಿಗಾಲದಲ್ಲಿ. ಉಳಿದ ತಿಂಗಳೆಲ್ಲ ಹೊಲ, ದನ, ಮಗು, ಅತ್ತೆ, ಸಾಲ, ಎಲ್ಲ ಹೆಂಗಸಿನ ತಲೆಯ ಮೇಲೆ. ಉಳುವುದೂ ಅವಳೇ. ಗಾರೆಯವರ ಬಗ್ಗೆ ಪದ ಕಟ್ಟಿದರು, ಪ್ರತಿಮೆ ನಿಲ್ಲಿಸಿದರು. ಹೊಲ ಉತ್ತವಳ ಪ್ರತಿಮೆ ಎಲ್ಲಾದರೂ ಇದ್ದರೆ ನನಗೆ ತೋರಿಸಿ.

1849ರಲ್ಲಿ ಈ ಗಾರೆಯವನನ್ನು ಕ್ರ್ಯೂಜಿನವರು ಪಾರ್ಲಿಮೆಂಟಿಗೆ ಆರಿಸಿದರು. 'ಕಟ್ಟಡದ ಕೆಲಸ ನಡೆದರೆ ಎಲ್ಲ ನಡೆಯುತ್ತದೆ' ಅಂತ ಫ್ರೆಂಚಿನಲ್ಲಿ ಒಂದು ಗಾದೆ ಇದೆ. ಅದರ ಮೂಲ ಇವನು ಆ ಸಭೆಯಲ್ಲಿ ಆಡಿದ ಮಾತು. ಇವತ್ತಿಗೂ ಅಲ್ಲಿನ ರಿಯಲ್ ಎಸ್ಟೇಟಿನವರು ಆ ಮಾತು ಹೇಳುತ್ತಾರೆ, ಹೇಳಿದವನು ಯಾರು ಅಂತ ಹೆಚ್ಚಿನವರಿಗೆ ಗೊತ್ತಿಲ್ಲ. 1851ರ ಡಿಸೆಂಬರ್‌ನಲ್ಲಿ ಲೂಯಿ ನೆಪೋಲಿಯನ್ ಅಧಿಕಾರ ಕಿತ್ತುಕೊಂಡಾಗ ನಾದೋನನ್ನು ಹಿಡಿದು ದೇಶದಿಂದ ಓಡಿಸಿದರು. ಇಂಗ್ಲೆಂಡಿಗೆ ಹೋದ. ಮೊದಲು ಅಲ್ಲೂ ಗಾರೆ ಕೆಲಸ, ಆಮೇಲೆ ಶಾಲೆಯಲ್ಲಿ ಫ್ರೆಂಚ್ ಮೇಷ್ಟ್ರು! ತಾತ ಬೇಡ ಅಂದಿದ್ದ ವಿದ್ಯೆ ಅನ್ನ ಕೊಟ್ಟಿತು. 1870ರಲ್ಲಿ ಗಣರಾಜ್ಯ ಮರಳಿದಾಗ ಅವನನ್ನು ಕ್ರ್ಯೂಜಿಗೇ ಜಿಲ್ಲಾಧಿಕಾರಿ ಮಾಡಿ ಕಳಿಸಿದರು. ಮತ್ತೆ ಸಂಸದನಾದ ಮೇಲೆ, 1880ರಲ್ಲಿ, ಕೆಲಸದ ಜಾಗದಲ್ಲಿ ಪೆಟ್ಟಾದರೆ ತಪ್ಪು ಯಾರದು ಅಂತ ಸಾಬೀತು ಮಾಡುವ ಹೊರೆ ಕೂಲಿಯವನ ಮೇಲೆ ಇರಬಾರದು ಅಂತ ಮಸೂದೆ ತಂದ. ಅಂಥ ಕಾನೂನು ಕೊನೆಗೂ ಬಂದದ್ದು 1898ರಲ್ಲಿ. ಅದೇ ವರ್ಷ ಡಿಸೆಂಬರ್‌ನಲ್ಲಿ ಅವನು ತೀರಿಕೊಂಡ.

ಗುಳೆಗೆ ಏನಾಯಿತು? ರೈಲು ಬಂತು. ನಡೆದು ಹೋಗುತ್ತಿದ್ದಾಗ ವಾಪಸ್ ಬರುತ್ತಿದ್ದರು. ರೈಲಿನಲ್ಲಿ ಹೋಗಲು ಶುರು ಮಾಡಿದ ಮೇಲೆ ವಾಪಸ್ ಬರುವುದನ್ನು ಬಿಟ್ಟರು. ಕೇಳಲು ವಿಚಿತ್ರ, ಆದರೆ ನಡೆದದ್ದು ಹಾಗೆಯೇ. 1853ರಿಂದ ಓಸ್ಮಾನ್ ಎಂಬ ಅಧಿಕಾರಿ ಪ್ಯಾರಿಸನ್ನು ಕೆಡವಿ ಕಟ್ಟಲು ಶುರು ಮಾಡಿದ. ಇವತ್ತು ನಾವು ಪೋಸ್ಟ್‌ಕಾರ್ಡಿನಲ್ಲಿ ನೋಡುವ ಆ ಅಗಲ ರಸ್ತೆ, ಕೆನೆ ಬಣ್ಣದ ಕಲ್ಲಿನ ಮನೆಗಳು ಅವನ ಕಾಲದವು. ವರ್ಷವಿಡೀ ಕೆಲಸ ಇತ್ತು. ಊರಿಗೆ ಯಾಕೆ ಹೋಗಬೇಕು? ಹೆಂಡತಿ ಮಕ್ಕಳನ್ನೂ ರೈಲು ಹತ್ತಿಸಿಕೊಂಡು ಬಂದರು. ಜನಗಣತಿಯಲ್ಲಿ ಕ್ರ್ಯೂಜಿನ ಜನ ಅತಿ ಹೆಚ್ಚು ಇದ್ದದ್ದು 1851ರಲ್ಲಿ. ಅಲ್ಲಿಂದ ಕೆಲವು ದಶಕ ಏರಿಳಿದ ಲೆಕ್ಕ, 19ನೇ ಶತಮಾನದ ಕೊನೆಯಿಂದ ಇವತ್ತಿನವರೆಗೂ ಇಳಿಯುತ್ತಲೇ ಬಂದಿದೆ. ಪ್ಯಾರಿಸ್ ತುಂಬಿತು, ಕ್ರ್ಯೂಜ್ ಟೊಳ್ಳಾಯಿತು. ಪ್ಯಾರಿಸ್‌ನವರು ಕ್ರ್ಯೂಜನ್ನು ನೋಡಿ ನಗುವಾಗ, ಯಾರ ಮುತ್ತಾತ ಕಟ್ಟಿದ ಮನೆಯ ಬಾಲ್ಕನಿಯಲ್ಲಿ ನಿಂತು ನಗುತ್ತಿದ್ದಾರೆ ಅನ್ನೋದು ಅವರಿಗೆ ನೆನಪಿರುವುದಿಲ್ಲ.

ಎಲ್ಲರೂ ಹೋಗಲಿಲ್ಲ ಅನ್ನಿ. ಕೂತಲ್ಲೇ ಕೂತು ಕೆಲಸ ಮಾಡಿದವರೂ ಇದ್ದರು. ಓಬ್ಯುಸೊಂ ಎಂಬ ಊರು. ಜನ ಸುಮಾರು ಮೂರು ಸಾವಿರ. ಗೋಡೆಗೆ ತೂಗುಹಾಕುವ ಚಿತ್ರದ ನೇಯ್ಗೆಗೆ ಲೋಕದಲ್ಲೇ ಹೆಸರಾದ ಊರು. 1665ರಲ್ಲಿ ಮಂತ್ರಿ ಕೋಲ್ಬೇರ್ ಇಲ್ಲಿನ ಮಗ್ಗಗಳಿಗೆ ರಾಜಮನ್ನಣೆಯ ಬಿರುದು ಕೊಟ್ಟ. ಸರಿಯಾಗಿ 20 ವರ್ಷಕ್ಕೆ, 1685ರಲ್ಲಿ, 14ನೇ ಲೂಯಿ ಪ್ರಾಟೆಸ್ಟೆಂಟರ ಹಕ್ಕು ಕಿತ್ತುಕೊಂಡ. ನೇಕಾರರಲ್ಲಿ ಎಷ್ಟೋ ಜನ ಪ್ರಾಟೆಸ್ಟೆಂಟರು. ಮಗ್ಗ ಬಿಟ್ಟು ಜರ್ಮನಿಗೆ ಓಡಿದರು. ನೋಡಿ, ಇಲ್ಲೂ ಹೋದವರ ಕಥೆಯೇ.

ಆ ನೇಯ್ಗೆಯ ಬಗ್ಗೆ ಒಂದು ಮಾತು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಅಲ್ಲಿನ ಮಗ್ಗ ಅಡ್ಡಡ್ಡ ಮಲಗಿರುತ್ತದೆ. ಕಲಾವಿದ ಬರೆದ ಚಿತ್ರವನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಹಾಸಿನ ಎಳೆಗಳ ಕೆಳಗೆ ಇಡುತ್ತಾರೆ. ನೇಕಾರ ನೇಯುವುದು ಹಿಂಬದಿಯಿಂದ. ಅವನಿಗೆ ಕಾಣುವುದು ದಾರದ ತುದಿಗಳು, ಗಂಟುಗಳು. ನೇಯ್ದದ್ದು ನೇಯ್ದ ಹಾಗೆ ಉರುಳೆಗೆ ಸುತ್ತಿಹೋಗುತ್ತದೆ. ಒಬ್ಬ ನೇಕಾರ ತಿಂಗಳಿಗೆ ಸುಮಾರು ಒಂದು ಚದರ ಮೀಟರ್ ನೇಯ್ದರೆ ಹೆಚ್ಚು. ಹೀಗೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ನೇಯ್ದು, ಕೊನೆಗೆ ಎಳೆ ಕತ್ತರಿಸಿ ಮಗ್ಗದಿಂದ ಬಿಡಿಸಿದ ದಿನವೇ ಅವನು ತನ್ನ ಕೆಲಸದ ಮುಂಬದಿಯನ್ನು ಇಡಿಯಾಗಿ ನೋಡುವುದು. ಆ ದಿನ ಅಲ್ಲಿ ಹಬ್ಬ. ಕತ್ತರಿ ಹಾಕಲು ಅತಿಥಿಗಳನ್ನು ಕರೆಯುತ್ತಾರೆ.

20ನೇ ಶತಮಾನದಲ್ಲಿ ಈ ಕೆಲಸ ಸಾಯುವ ಹಂತಕ್ಕೆ ಬಂದಿತ್ತು. 1939ರಲ್ಲಿ ಜಾಂ ಲ್ಯುರ್ಸಾ ಎಂಬ ಚಿತ್ರಕಾರ ಬಂದು ಮತ್ತೆ ಜೀವ ತುಂಬಿದ. ಬಣ್ಣ ಕಡಿಮೆ ಮಾಡಿ, ದಾರ ದಪ್ಪ ಮಾಡಿ, ಚಿತ್ರದ ಮೇಲೆ ಬಣ್ಣದ ಬದಲು ನಂಬರ್ ಬರೆದುಕೊಟ್ಟ. ಖರ್ಚು ಇಳಿಯಿತು, ಕೆಲಸ ಬಂತು. ಇಂಗ್ಲೆಂಡಿನ ಕವೆಂಟ್ರಿ ಚರ್ಚಿನಲ್ಲಿ 1962ರಿಂದ ತೂಗುತ್ತಿರುವ ಸುಮಾರು 23 ಮೀಟರ್ ಎತ್ತರದ ಏಸುವಿನ ಚಿತ್ರ ಪಕ್ಕದ ಫೆಲೆತಾಂ ಊರಿನಲ್ಲಿ ನೇಯ್ದದ್ದು. 2009ರಲ್ಲಿ ಯುನೆಸ್ಕೋ ಪಟ್ಟಿಗೂ ಓಬ್ಯುಸೊಂ ನೇಯ್ಗೆ ಸೇರಿತು.

ಕೊಂಬುಕುದುರೆ ಮತ್ತು ಹೆಣ್ಣಿನ ಆ ಆರು ಪ್ರಸಿದ್ಧ ನೇಯ್ಗೆಚಿತ್ರಗಳನ್ನು ನಿಮ್ಮಲ್ಲಿ ಕೆಲವರು ಪ್ಯಾರಿಸ್‌ನ ಕ್ಲುನಿ ಮ್ಯೂಸಿಯಂನಲ್ಲಿ ನೋಡಿರಬಹುದು. ಅವು ಓಬ್ಯುಸೊಂನಲ್ಲಿ ನೇಯ್ದವಲ್ಲ, ಆದರೆ ಸಿಕ್ಕಿದ್ದು ಇದೇ ಜಿಲ್ಲೆಯ ಬುಸಾಕ್ ಕೋಟೆಯಲ್ಲಿ. ಆಗ ಅದು ಸರ್ಕಾರಿ ಕಚೇರಿ. 1841ರಲ್ಲಿ ಪ್ರೊಸ್ಪೇರ್ ಮೆರಿಮೆ, ಸ್ಮಾರಕಗಳ ಇನ್‌ಸ್ಪೆಕ್ಟರ್, ಬಂದು ನೋಡುತ್ತಾನೆ: 15ನೇ ಶತಮಾನದ ಕೊನೆಯ ರತ್ನಗಳು ತೇವದಲ್ಲಿ ಕೊಳೆಯುತ್ತಿವೆ, ಇಲಿ ಕಡಿಯುತ್ತಿವೆ. ಕೊನೆಗೆ 1882ರಲ್ಲಿ ಮ್ಯೂಸಿಯಂ ಕೊಂಡಿತು. ಅವೂ ಪ್ಯಾರಿಸ್‌ಗೇ ಹೋದವು!

ಬಂದು ಹೋದವರ ಪಟ್ಟಿ ಮಾಡಿದರೆ ಮಜಾ ಇದೆ. ಬುರ್ಗನಫ್ ಊರಲ್ಲಿ ಒಂದು ಗೋಪುರ ಇದೆ. 1480ರ ದಶಕದಲ್ಲಿ ಆಟೋಮನ್ ಸುಲ್ತಾನನ ತಮ್ಮ ಜೆಮ್ ಅಲ್ಲಿ ಸೆರೆಯಲ್ಲಿದ್ದ. ಇಸ್ತಾಂಬುಲ್ ಎಲ್ಲಿ, ಬುರ್ಗನಫ್ ಎಲ್ಲಿ! 1889ರ ವಸಂತದಲ್ಲಿ ಕ್ಲೋದ್ ಮೊನೆ, ದೊಡ್ಡ ಕ್ರ್ಯೂಜ್, ಚಿಕ್ಕ ಕ್ರ್ಯೂಜ್ ಎಂಬ ಎರಡು ನದಿಗಳು ಕೂಡುವ ಫ್ರೆಸ್ಲಿನ್ ಊರಿಗೆ ಬಂದು ಚಿತ್ರ ಬರೆದ. ಒಂದು ಬೋಳು ಓಕ್ ಮರ ಬರೆಯಲು ಶುರು ಮಾಡಿದ್ದ. ಮಳೆ, ಗಾಳಿ, ಕೆಲಸ ತಡವಾಯಿತು. ನೋಡನೋಡುತ್ತಲೇ ಮರ ಚಿಗುರಿಬಿಟ್ಟಿತು. ಮೊನೆ ಏನು ಮಾಡಿದ? ಮರದ ಒಡೆಯನಿಗೆ ದುಡ್ಡು ಕೊಟ್ಟು, ಏಣಿ ಹಾಕಿಸಿ, ಚಿಗುರೆಲ್ಲ ಕೀಳಿಸಿದ. ಬೆಳಕು ಬದಲಾದರೆ ಕ್ಯಾನ್ವಾಸ್ ಬದಲಿಸುತ್ತಿದ್ದ ಮನುಷ್ಯ ಇಲ್ಲಿ ಋತುವನ್ನೇ ಹಿಂದಕ್ಕೆ ತಳ್ಳಿದ. ಪ್ಯಾರಿಸ್‌ನವರು ಕ್ರ್ಯೂಜಿಗೆ ಬಂದರೆ ಮಾಡುವ ಕೆಲಸ ಇದು ಅಂತ ಊರವರು ಅಂದುಕೊಂಡಿರಬೇಕು.

ಈಗ ಸ್ವಲ್ಪ ಭಾರವಾದ ಭಾಗ.

ಮೊದಲ ಮಹಾಯುದ್ಧ ಮುಗಿದ ಮೇಲೆ ಫ್ರಾನ್ಸಿನ ಊರೂರಲ್ಲೂ ಸ್ಮಾರಕ ನಿಲ್ಲಿಸಿದರು. ಹೆಚ್ಚಿನವು ಒಂದೇ ಥರ: ಬಂದೂಕು ಹಿಡಿದ ಸೈನಿಕ, ಹುಂಜ, 'ನಮ್ಮ ವೀರಪುತ್ರರಿಗೆ'. ಮಿಲ್‌ವಾಶ್ ಬಯಲಿನ ಜಾಂತಿಯು ಊರಿನ ಸ್ಮಾರಕದಲ್ಲಿ ಸೈನಿಕನೇ ಇಲ್ಲ. ಒಬ್ಬ ಹುಡುಗ ಇದ್ದಾನೆ. ಶಾಲೆಯ ಮೇಲಂಗಿ, ಕಾಲಿಗೆ ಮರದ ಪಾದುಕೆ, ಒಂದು ಕೈಯಲ್ಲಿ ಟೋಪಿ. ಇನ್ನೊಂದು ಕೈ ಮುಷ್ಟಿ ಬಿಗಿದು ಸತ್ತವರ ಹೆಸರಿನ ಪಟ್ಟಿಯ ಕಡೆ ಎತ್ತಿದೆ. ಕೆಳಗೆ ಕೆತ್ತಿದ್ದಾರೆ: 'ಯುದ್ಧಕ್ಕೆ ಧಿಕ್ಕಾರ'. ಶಾಪ ಹಾಕುವ ಮಾತು ಅದು, ಇನ್ನೂ ಒರಟು. ಜಿಲ್ಲಾಧಿಕಾರಿ ಉದ್ಘಾಟನೆಗೆ ಬರಲೊಪ್ಪಲಿಲ್ಲ. ದಶಕಗಳವರೆಗೆ ಅದಕ್ಕೆ ಸರ್ಕಾರಿ ಉದ್ಘಾಟನೆಯೇ ಆಗಲಿಲ್ಲ. ಇವತ್ತು ಪ್ರತಿ ನವೆಂಬರ್ 11ಕ್ಕೆ ಯುದ್ಧ ಬೇಡ ಅನ್ನುವವರು ಅಲ್ಲಿ ಸೇರುತ್ತಾರೆ. ಗಾರೆಯವರ ನಾಡು ತನ್ನ ಸತ್ತ ಗಾರೆಯವರಿಗೆ ಕಟ್ಟಿದ್ದು ಒಬ್ಬ ತಬ್ಬಲಿ ಹುಡುಗನ ಪ್ರತಿಮೆ. ಆ ಹುಡುಗನನ್ನು ನೆನಪಿಟ್ಟುಕೊಳ್ಳಿ.

ಎರಡನೇ ಮಹಾಯುದ್ಧದಲ್ಲಿ ಈ ಖಾಲಿ ಜಿಲ್ಲೆಗೆ ಮಕ್ಕಳು ಬಂದರು. ಯಹೂದಿ ಮಕ್ಕಳು. ಹೆಚ್ಚಿನವರು ಜರ್ಮನಿ, ಆಸ್ಟ್ರಿಯಾದಿಂದ ಓಡಿಬಂದವರು. ತಂದೆ ತಾಯಿ ಇಲ್ಲ, ಇದ್ದರೂ ಎಲ್ಲೋ ಶಿಬಿರದಲ್ಲಿ. ಮಕ್ಕಳನ್ನು ಉಳಿಸುವ ಒಂದು ಯಹೂದಿ ಸಂಸ್ಥೆ ಇಲ್ಲಿನ ಹಳೆಯ ಬಂಗಲೆಗಳನ್ನು ಬಾಡಿಗೆಗೆ ಹಿಡಿಯಿತು. ಶಬಾನ್ ಅನ್ನೋ ಹಳ್ಳಿಯ ಬಂಗಲೆಯಲ್ಲಿ ಒಟ್ಟು ನಾನೂರರಷ್ಟು ಮಕ್ಕಳು ಇದ್ದು ಹೋದರು. ಊರಿನ ಶಾಲೆಯ ಶಿಕ್ಷಕಿಯರು ಅವರನ್ನು ಊರ ಮಕ್ಕಳ ಪಕ್ಕದಲ್ಲೇ ಕೂರಿಸಿದರು. 1942ರ ಆಗಸ್ಟ್ ಕೊನೆಯಲ್ಲಿ ಪೊಲೀಸರು ಬಂದರು. ಕೆಲವರನ್ನು ಎಳೆದೊಯ್ದರು. ಉಳಿದವರನ್ನು ಮರೆಮಾಡಿ, ಹೆಸರು ಬದಲಿಸಿ, ಅಲ್ಲಿ ಇಲ್ಲಿ ಸಾಗಿಸಿದರು. ಹೆಚ್ಚಿನವರು ಬದುಕಿ ಉಳಿದರು. ಇತಿಹಾಸಕಾರ ಮಾರ್ಕ್ ಬ್ಲೋಕ್ ಮನೆಯೂ ಇದೇ ಜಿಲ್ಲೆಯ ಫೂಜೇರ್ ಅನ್ನೋ ಕೇರಿಯಲ್ಲಿ. 1940ರಲ್ಲಿ ಫ್ರಾನ್ಸ್ ಯಾಕೆ ಸೋತಿತು ಅಂತ ಅವನು ಬರೆದದ್ದು ಅಲ್ಲೇ ಕೂತು. ನಾಲ್ಕು ವರ್ಷದ ಮೇಲೆ ಜರ್ಮನ್ನರು ಅವನನ್ನು ಗುಂಡಿಟ್ಟು ಕೊಂದರು. ಟೊಳ್ಳು ಜಾಗಕ್ಕೆ ಇದೊಂದು ಗುಣ: ಅಡಗಲು ಒಳ್ಳೆಯದು.

ಆಮೇಲೆ ಇನ್ನೊಂದಷ್ಟು ಮಕ್ಕಳು ಬಂದರು. ಇವರು ಅಡಗಲು ಬಂದವರಲ್ಲ.

ರೆಯೂನಿಯೋಂ ದ್ವೀಪ ಹಿಂದೂ ಮಹಾಸಾಗರದಲ್ಲಿದೆ, ಮಾರಿಷಸ್ ಪಕ್ಕ. ಪ್ಯಾರಿಸ್‌ನಿಂದ 9,000 ಕಿಲೋಮೀಟರಿಗೂ ಹೆಚ್ಚು ದೂರ. ಆಫ್ರಿಕಾ ಮೂಲದವರು, ಮಡಗಾಸ್ಕರ್‌ನವರು, ನಮ್ಮ ತಮಿಳುನಾಡಿನಿಂದ ಕಬ್ಬಿನ ಗದ್ದೆಗೆ ಕೂಲಿಗೆ ಹೋದವರ ಮಕ್ಕಳು ಮೊಮ್ಮಕ್ಕಳು, ಎಲ್ಲ ಬೆರೆತ ದ್ವೀಪ. 1946ರಲ್ಲಿ ಫ್ರಾನ್ಸ್ ಅದನ್ನು ವಸಾಹತು ಪಟ್ಟಿಯಿಂದ ತೆಗೆದು ದೆಪಾರ್ತ್‌ಮಾಂ ಮಾಡಿತು. ಅಂದರೆ ಕಾಗದದ ಮೇಲೆ ಕ್ರ್ಯೂಜಿಗೆ ಸರಿಸಮಾನ. ಅದೂ ಜಿಲ್ಲೆ, ಇದೂ ಜಿಲ್ಲೆ.

1960ರ ದಶಕದಲ್ಲಿ ಆ ದ್ವೀಪದ ಸಂಸದ ಮಿಶೆಲ್ ದೆಬ್ರೆ. ಅದಕ್ಕೆ ಮುಂಚೆ ಫ್ರಾನ್ಸಿನ ಪ್ರಧಾನಿಯಾಗಿದ್ದವನು. ಲೆಕ್ಕ ಸರಳ ಅನ್ನಿಸಿರಬೇಕು. ದ್ವೀಪದಲ್ಲಿ ಬಡತನ, ಮಕ್ಕಳು ಜಾಸ್ತಿ. ಕ್ರ್ಯೂಜಿನಂಥ ಹಳ್ಳಿ ಜಿಲ್ಲೆಗಳಲ್ಲಿ ಮಕ್ಕಳಿಲ್ಲ, ದುಡಿಯುವ ಕೈಯಿಲ್ಲ. ಅಲ್ಲಿಂದ ಎತ್ತಿ ಇಲ್ಲಿಗೆ ಇಟ್ಟರೆ ಆಯಿತು. 1962ರಿಂದ 1984ರವರೆಗೆ 2,015 ಮಕ್ಕಳನ್ನು ಸರ್ಕಾರದ ಮಕ್ಕಳ ಇಲಾಖೆ ಹೀಗೆ ವಿಮಾನ ಹತ್ತಿಸಿತು. ಕಾನೂನಿನ ಕಣ್ಣಲ್ಲಿ ಅದು ದೇಶ ಬಿಟ್ಟು ದೇಶಕ್ಕಲ್ಲ, ಒಂದು ಜಿಲ್ಲೆಯಿಂದ ಇನ್ನೊಂದು ಜಿಲ್ಲೆಗೆ ವರ್ಗ. ಎಲ್ಲ ಜಿಲ್ಲೆಗಳೂ ಸಮಾನ ಅಂತ 1790ರಲ್ಲಿ ಬರೆದ ಆ ಕಾಗದ ಇಲ್ಲಿ ಹೀಗೆ ಬಳಕೆಯಾಯಿತು.

ಅವರಲ್ಲಿ ಕೆಲವರು ಅನಾಥರು. ಹಲವರಿಗೆ ಅಪ್ಪ ಅಮ್ಮ ಇದ್ದರು. ಓದಲು ಬಾರದ ತಂದೆ ತಾಯಿಯಿಂದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರು. ಮಗು ಓದುತ್ತದೆ, ರಜೆಗೆ ಊರಿಗೆ ಬರುತ್ತದೆ ಅಂದರು. ರಜೆ ಬರಲೇ ಇಲ್ಲ. ಗೆರೆ ಊರಿನ ಒಂದು ವಸತಿಗೃಹಕ್ಕೆ ತಂದು ಇಳಿಸಿದರು. ಅಣ್ಣ ತಂಗಿಯರನ್ನು ಬೇರೆ ಬೇರೆ ಮಾಡಿದರು. ಕೆಲವರಿಗೆ ಒಳ್ಳೆಯ ಮನೆ ಸಿಕ್ಕಿತು, ಅದನ್ನೂ ಹೇಳಬೇಕು. ಕೆಲವರು ಹೊಲಮನೆಗಳಲ್ಲಿ ಸಂಬಳವಿಲ್ಲದ ಆಳುಗಳಾದರು. ಮಂಜು ಅನ್ನೋದನ್ನೇ ಕಾಣದ ಮಗು, ಕಪ್ಪು ಮುಖವನ್ನೇ ಕಾಣದ ಹಳ್ಳಿ. ಎಷ್ಟೋ ಜನ ನಡುವಯಸ್ಸಿಗೆ ಬಂದ ಮೇಲೆ ಕಚೇರಿಯಲ್ಲಿ ತಮ್ಮ ಕಡತ ತೆಗೆಸಿ ಓದಿದರು. ತಾವು ಅನಾಥರಲ್ಲ, ತಮಗೆ ತಾಯಿ ಇದ್ದಳು, ಅಣ್ಣನೊಬ್ಬ ಇದ್ದಾನೆ ಅಂತ ಆಗ ಗೊತ್ತಾಯಿತು.

2002ರಲ್ಲಿ ಅವರಲ್ಲೊಬ್ಬರು ಸರ್ಕಾರದ ಮೇಲೆ ಮೊಕದ್ದಮೆ ಹೂಡಿದ ಮೇಲೆ ದೇಶಕ್ಕೆ ಈ ಸಂಗತಿ ಸರಿಯಾಗಿ ಗೊತ್ತಾಯಿತು. 2014ರ ಫೆಬ್ರುವರಿ 18ರಂದು ಪಾರ್ಲಿಮೆಂಟು ಇದರಲ್ಲಿ ಸರ್ಕಾರದ ನೈತಿಕ ಹೊಣೆ ಇದೆ ಅಂತ ನಿರ್ಣಯ ಮಾಡಿತು. ಪರವಾಗಿ 125 ಮತ, ವಿರುದ್ಧ 14. ಆಮೇಲೆ ತಜ್ಞರ ಸಮಿತಿಯೊಂದು ಕಡತಗಳನ್ನೆಲ್ಲ ಜಾಲಾಡಿ 2018ರಲ್ಲಿ ವರದಿ ಕೊಟ್ಟಿತು. 2,015 ಅನ್ನೋ ಲೆಕ್ಕ ಅಲ್ಲಿಂದ ಬಂದದ್ದು. ಆ ಮಕ್ಕಳನ್ನು ಒಟ್ಟು 83 ಜಿಲ್ಲೆಗಳಿಗೆ ಹಂಚಿದ್ದರಂತೆ. 83! 1790ರಲ್ಲಿ ದೇಶವನ್ನು ಕತ್ತರಿಸಿದ ತುಂಡುಗಳೂ ಅಷ್ಟೇ. ಇದೂ ಕಾಕತಾಳೀಯವೇ.

ಅವರಲ್ಲಿ ಕ್ರ್ಯೂಜಿಗೆ ಬಂದವರು 200ರ ಆಸುಪಾಸು, ಹತ್ತರಲ್ಲಿ ಒಬ್ಬರು. ಆದರೂ ಫ್ರಾನ್ಸಿನಲ್ಲಿ ಆ 2,015 ಜನರನ್ನೂ ಕರೆಯುವುದು 'ಕ್ರ್ಯೂಜಿನ ಮಕ್ಕಳು' ಅಂತಲೇ. ಹಿಂದೆ ಆ ಸೀಮೆಯ ಯಾವ ಮೂಲೆಯಿಂದ ಗಾರೆಯವ ಬಂದರೂ ಪ್ಯಾರಿಸ್‌ನವರಿಗೆ ಅವನು 'ಕ್ರ್ಯೂಜಿನ ಗಾರೆಯವ' ಆಗಿದ್ದ. ಹಾಗೇ ಇದು. ಕ್ರ್ಯೂಜಿನ ಮಕ್ಕಳಲ್ಲಿ ಹೆಚ್ಚಿನವರು ಕ್ರ್ಯೂಜನ್ನು ನೋಡಿಯೇ ಇಲ್ಲ. ನೋಡಿದವರಲ್ಲಿ ಕೆಲವರು ಈಗಲೂ ಅಲ್ಲೇ ಇದ್ದಾರೆ. 1,15,000 ಅಂತ ಮೊದಲು ಹೇಳಿದೆನಲ್ಲ, ಆ ಲೆಕ್ಕದಲ್ಲಿ ಅವರೂ ಸೇರಿದ್ದಾರೆ.